ಮೊದಲಿಂದ ಬಾರಿಸುವ ಅತ್ತೆ

ನಮ್ಮ ಸೋದರತ್ತೆಗೆ ಎಲ್ಲರೂ ಪಿಯಾನೋ ಮೇಷ್ಟ್ರಮ್ಮ ಎನ್ನುತ್ತಾರೆ. ಚಿಕ್ಕ ವಯಸ್ಸಿನಲ್ಲಿ ಊರೂರು ಸುತ್ತಿ ಕಛೇರಿ ಕೊಟ್ಟವಳು. ಮಣಿಕಟ್ಟಿನ ನೋವು ಶುರುವಾದ ಮೇಲೆ ವೇದಿಕೆ ಬಿಟ್ಟು ಮನೆಯಲ್ಲಿ ಪಾಠಕ್ಕೆ ಕುಳಿತಳು. ಪಾಠದಲ್ಲಿ ಅವಳದು ಒಂದೇ ಕಾನೂನು: ಒಂದು ಸ್ವರ ತಪ್ಪಿದರೂ ಮತ್ತೆ ಮೊದಲಿಂದ. ಕೊನೆಯ ಸಾಲಿನಲ್ಲಿ ಬೆರಳು ಜಾರಿದರೂ ಅಷ್ಟೇ, ಮೊದಲಿಂದ! ಯಾರ ಕಣ್ಣೀರಿಗೂ ಅವಳು ಕರಗಿದ್ದಿಲ್ಲ.

ಕೆಳಗಡೆ ಮಾವನ ಹಲ್ಲಿನ ದವಾಖಾನೆ. ಮಹಡಿಯಿಂದ "ಮೊದಲಿಂದ!" ಎಂಬ ಗುಡುಗು ಕೇಳಿದಾಗಲೆಲ್ಲ ಕುರ್ಚಿಯಲ್ಲಿ ಬಾಯಿ ತೆರೆದು ಒರಗಿದವರು ಗಾಬರಿಯಿಂದ ಬಾಯಿ ಮುಚ್ಚುತ್ತಿದ್ದರು. ಮಾವನ ಬೆರಳು ಹಲವು ಸಲ ಒಳಗೇ ಸಿಕ್ಕಿಕೊಂಡಿದೆ. "ನಿಮಗಲ್ಲ ರೀ ಹೇಳಿದ್ದು, ಬಾಯಿ ತೆಗೀರಿ" ಎಂದು ಪಾಪ, ಗೋಗರೆಯುತ್ತಿದ್ದರು.

ಹೀಗಿರುವಾಗ ನಮ್ಮೂರ ಸಭಾಂಗಣದ ಮ್ಯಾನೇಜರು ಫೋನು ಮಾಡಿದರು. ಬರಬೇಕಿದ್ದ ಕಲಾವಿದರು ಜ್ವರ ಬಂದು ಮಲಗಿದ್ದಾರೆ, ನೀವು ಬಾರಿಸುತ್ತೀರಾ? ಜನ ಮೆಚ್ಚಿದರೆ ಮುಂದೆಯೂ ಕರೆಯುತ್ತೇವೆ. ಅತ್ತೆ ಫೋನಿಟ್ಟು ಅತ್ತಳು. ವೇದಿಕೆಯ ಋಣ ಮುಗಿಯಿತೆಂದು ನಂಬಿಬಿಟ್ಟಿದ್ದಳು. ಆಸೆ ಮಾತ್ರ ಬೂದಿ ಮುಚ್ಚಿದ ಕೆಂಡದ ಹಾಗೆ ಹಾಗೇ ಇತ್ತು.

ಕಛೇರಿಯ ಸಂಜೆ ಮುಂದಿನ ಸಾಲಿನಲ್ಲಿ ಮಾವ, ಪಕ್ಕದಲ್ಲಿ ನಾನು, ಹಿಂದೆಲ್ಲ ಅವಳ ಹಳೇ ಶಿಷ್ಯರು. ಚೆನ್ನಾಗಿಯೇ ಹೋಗುತ್ತಿತ್ತು. ಅರ್ಧ ದಾರಿಯಲ್ಲಿ ಬಲಗೈ ಕಿರುಬೆರಳು ಜಾರಿ ಪಕ್ಕದ ಸ್ವರ ಮುಟ್ಟಿತು. ಯಾರೂ ಗಮನಿಸಲಿಲ್ಲ. ಅತ್ತೆ ಸುಮ್ಮನಿರಬೇಕಲ್ಲ! "ಮೊದಲಿಂದ!" ಎಂದು ತನ್ನನ್ನೇ ಗದರಿಕೊಂಡಳು. ಅರ್ಧ ಸಭೆ ದಡಕ್ಕನೆ ಬೆನ್ನು ನೆಟ್ಟಗೆ ಮಾಡಿ ಕುಳಿತಿತು. ಹಿಂದೆ ಕುಳಿತಿದ್ದ ಮೀಸೆಯ ಇನ್ಸ್‌ಪೆಕ್ಟರಂತೂ "ಸಾರಿ ಮಿಸ್" ಅಂದೇಬಿಟ್ಟ.

ಎರಡನೇ ಸಲವೂ ಅದೇ ಜಾಗ, ಅದೇ ಬೆರಳು, ಅದೇ ಗದರಿಕೆ. ಜನ ಗಡಿಯಾರ ನೋಡತೊಡಗಿದರು. ಪರದೆಯ ಬಳಿ ಮ್ಯಾನೇಜರ ಮುಖ ಹುಳ್ಳಗಾಯಿತು. ಮೂರನೇ ಸಲ ಬೆರಳು ಜಾರಿದಾಗ ಅತ್ತೆ ಕೈ ಎತ್ತಿದಳು, ಬಾಯಿ ತೆರೆದಳು. ಇನ್ನೊಮ್ಮೆ ಮೊದಲಿಂದ ಎಂದರೆ ಅವಳನ್ನು ಮತ್ತೆ ಯಾರೂ ಕರೆಯುವುದಿಲ್ಲ.

ಮಾವ ಎದ್ದು ನಿಂತರು. "ಲೇ ಇವಳೇ, ಮುಂದಕ್ಕೆ ಹೋಗೇ! ಇಲ್ಲಿ ಯಾರಿಗೂ ಗೊತ್ತಾಗಿಲ್ಲ!"

ಗೊತ್ತಾಗದಿದ್ದವರಿಗೂ ಆಗ ಗೊತ್ತಾಯಿತು. ಸಭೆ ಗೊಳ್ಳೆಂದು ನಕ್ಕಿತು. ಅತ್ತೆ ಕೆಂಗಣ್ಣು ಬಿಟ್ಟು ತಿರುಗಿದಳು, ಆಮೇಲೆ ಅವಳಿಗೂ ನಗು ತಡೆಯಲಾಗಲಿಲ್ಲ. ನಗುತ್ತಲೇ ನಿಲ್ಲಿಸಿದಲ್ಲಿಂದ ಮುಂದುವರಿಸಿದಳು. ಇನ್ನೂ ನಾಲ್ಕಾರು ತಪ್ಪಾದವು, ಒಂದಕ್ಕೂ ಕೇರ್ ಮಾಡಲಿಲ್ಲ. ಅವಳು ಅಷ್ಟು ಚೆನ್ನಾಗಿ ಬಾರಿಸಿದ್ದನ್ನು ನಾನು ಕೇಳಿಯೇ ಇರಲಿಲ್ಲ. ನನಗೆ ಅಳು ಬಂತು.

ಚಪ್ಪಾಳೆ ನಿಲ್ಲುವ ಮೊದಲೇ ಮ್ಯಾನೇಜರು ಓಡಿ ಬಂದರು.

"ಮುಂದಿನ ತಿಂಗಳೂ ಬರ್ತೀರಾ ಮೇಡಂ? ಯಜಮಾನರನ್ನ ಮಾತ್ರ ಮರೀದೆ ಕರ್ಕೊಂಡ್ಬನ್ನಿ. ಇದೇ ಸೀಟು ಇಟ್ಟಿರ್ತೀವಿ."

"ಬರ್ತೀವಿ" ಎಂದಳು ಅತ್ತೆ. ಮಾವನ ಕೈ ಗಟ್ಟಿಯಾಗಿ ಹಿಡಿದುಕೊಂಡಿದ್ದಳು.