ತುಳಜಮ್ಮ ಹಾಕಿಕೊಟ್ಟ ಯುರೋಪಿನ ದಾರಿ

ಆ ಸೋಮವಾರ ತುಳಜಮ್ಮ ನಾರಾಯಣಖೇಡದ ಬಸ್ಸಿಳಿದು ನೇರವಾಗಿ ಜಹೀರಾಬಾದಿನ ನನ್ನ ಹೊಲಿಗೆ ಅಂಗಡಿಗೆ ಬಂದಳು. ಮೇಜಿನ ಮೇಲಿದ್ದ ಯಾರದೋ ರವಿಕೆ ಬಟ್ಟೆಯನ್ನು ಒತ್ತಟ್ಟಿಗೆ ಸರಿಸಿ ಯುರೋಪಿನ ನಕ್ಷೆ ಹಾಸಿದಳು. ಮಡಿಕೆ ಏಳದಿರಲೆಂದು ನನ್ನ ಕತ್ತರಿಯನ್ನು ಅದರ ಮೇಲಿಟ್ಟಳು. ನಾವಿಬ್ಬರೂ ಹೊರಡಲಿದ್ದ ರೈಲು ಪ್ರವಾಸದಲ್ಲಿ ಇನ್ನು ಉಳಿದಿದ್ದ ಜಗಳ ವಿಯೆನ್ನಾದ್ದು. ಅಲ್ಲಿ ಹಳೆಯ ರಾಣಿಯರ ಕಸೂತಿ ಬಟ್ಟೆಗಳನ್ನು ಇಟ್ಟಿದ್ದಾರೆಂದು ಕೇಳಿದ್ದೆ, ನೋಡಬೇಕೆಂಬ ಆಸೆ ನನಗೆ. ಅವಳಿಗೆ ಗುಡ್ಡ ಬೇಕು.

"ಸತ್ತ ರಾಣಿ ಸೀರಿ ನೋಡಿ ಏನ ಮಾಡ್ತಿ? ಆ ಎರಡು ದಿನ ಗುಡ್ಡಕ್ಕ ಹಾಕು," ಎಂದಳು.

ನಾನು ಬಿಟ್ಟುಕೊಡಲಿಲ್ಲ. ಅವಳು ಮಿರ್ಚಿ ತಿಂದು, ಚಹಾ ಕುಡಿದು, ಬರುವ ವಾರ ತೀರ್ಮಾನ ಮಾಡೋಣ, ಸೋಲುವವಳು ನೀನೇ ಎಂದು ಹೇಳಿ ಬಸ್ಸು ಹತ್ತಿದಳು. ಆ ವಾರ ಕಳೆಯುವ ಮೊದಲೇ ಒಂದು ಬೆಳಿಗ್ಗೆ ಕುರಿದೊಡ್ಡಿಯ ಬಾಗಿಲು ತೆಗೆಯುತ್ತಾ ಎದೆ ಹಿಡಿದುಕೊಂಡು ಕುಳಿತಳಂತೆ. ಮಗ ಬೀರಪ್ಪ ಜೀಪಿನಲ್ಲಿ ಹಾಕಿಕೊಂಡು ಸಂಗಾರೆಡ್ಡಿಯ ಆಸ್ಪತ್ರೆಯ ಕಡೆ ಹೊರಟ. ದಾರಿಯಲ್ಲೇ ಮುಗಿಯಿತು.

ಎಷ್ಟೇ ಜನ ಇರಲಿ, ತುಳಜಮ್ಮ ಎಲ್ಲರಿಗಿಂತ ಹಿಂದೆ ನಡೆಯುತ್ತಿದ್ದಳು. ಮದುವೆಯ ಮೆರವಣಿಗೆಯಲ್ಲೂ ಹಾಗೆಯೇ, ಆಸ್ಪತ್ರೆಯ ಸಾಲಿನಲ್ಲೂ ಹಾಗೆಯೇ. ಹುಟ್ಟಿದ್ದು ಕುರಿಯವರ ಮನೆಯಲ್ಲಿ, ಮದುವೆಯಾದದ್ದೂ ಕುರಿಯವರ ಮನೆಗೆ. ಹಿಂಡಿನ ಹಿಂದೆ ನಡೆದ ಕಾಲು ಅದು. ಮುಂದಿದ್ದರೆ ಏನೂ ಕಾಣುವುದಿಲ್ಲ ಎನ್ನುತ್ತಿದ್ದಳು. ನಾವಿಬ್ಬರೂ ರಾಯಿಕೋಡ್ ಕಡೆಯ ಒಂದೇ ಊರಿನವರು, ಒಂದೇ ಕನ್ನಡ ಶಾಲೆಯಲ್ಲಿ ಕುಳಿತವರು. ನಾನು ಏಳನೆಯ ತರಗತಿಯವರೆಗೆ ಓದಿದೆ. ಅವಳು ಅದಕ್ಕೂ ಮೊದಲೇ ಹಿಂಡಿನ ಜೊತೆ ಹೊರಟುಹೋದಳು. ಮುಂದೆ ಇಬ್ಬರೂ ಗಂಡನನ್ನು ಕಳೆದುಕೊಂಡ ಮೇಲೆ ಮತ್ತೆ ಸೇರಿದೆವು.

ಯುರೋಪಿನ ಹುಚ್ಚು ಹತ್ತಿದ್ದು ಫೋನಿನಿಂದ. ಬೀರಪ್ಪನ ಫೋನಿನಲ್ಲಿ ಒಂದು ಕೆಂಪು ರೈಲು ಹಸಿರು ಗುಡ್ಡದ ಪಕ್ಕ ಹೋಗುತ್ತಿತ್ತು. ಗುಡ್ಡದ ತುಂಬ ಕುರಿ, ಕೊರಳಲ್ಲಿ ಗಂಟೆ, ಕಾಯುವವರು ಮಾತ್ರ ಎಲ್ಲೂ ಇಲ್ಲ. ಅದನ್ನು ಮತ್ತೆ ಮತ್ತೆ ನೋಡಿದಳಂತೆ. ನನ್ನ ಅಂಗಡಿಗೆ ಬಂದು ಹೇಳಿದಳು: "ಕುರಿ ಅದಾವ ಅಂದಮ್ಯಾಲ ಕಾಯವ ಇರಲಾಕ ಬೇಕು. ಎಲ್ಲಿ ಕುಂತಾನ ಅಂತ ನಾ ಹೋಗಿ ನೋಡ್ತೀನಿ. ನೀ ಬರ್ತಿ ಇಲ್ಲ ಹೇಳು."

ನಾನು ನಕ್ಕೆ. ಅವಳು ನಗಲಿಲ್ಲ.

ಆಮೇಲೆ ಹೈದರಾಬಾದಿನ ಪ್ರವಾಸದ ಅಂಗಡಿಯೊಂದರಲ್ಲಿ ವಿಚಾರಿಸಿದೆವು. ಒಂದೇ ಪಾಸಿನಲ್ಲಿ ತಿಂಗಳುಗಟ್ಟಲೆ ಒಂದು ದೇಶದಿಂದ ಇನ್ನೊಂದು ದೇಶಕ್ಕೆ ರೈಲಿನಲ್ಲಿ ತಿರುಗಬಹುದೆಂದು ಗೊತ್ತಾದಾಗ ತುಳಜಮ್ಮನಿಗೆ ಆಶ್ಚರ್ಯವೇನೂ ಆಗಲಿಲ್ಲ. ನಮ್ಮ ಕಡೆ ಆಧಾರ್ ತೋರಿಸಿದರೆ ಹೆಂಗಸರಿಗೆ ಬಸ್ಸು ಪುಕ್ಕಟೆ, ಅಲ್ಲೂ ಅಂಥದ್ದೇ ಏನೋ ಇದ್ದೀತು ಎಂದುಕೊಂಡಳು. ಪುಕ್ಕಟೆ ಅಲ್ಲ ಎಂದು ತಿಳಿದಾಗಲೂ ಹಿಂದೆ ಸರಿಯಲಿಲ್ಲ. ಟಗರು ಮಾರಿದಳು. ನಾನು ಹೊಲಿಗೆಯಲ್ಲಿ ಉಳಿಸಿದ್ದನ್ನು ತೆಗೆದೆ. ಕಾಶಿಗೆ ಹೋಗಬಾರದೇ ಎಂದು ನೆಂಟರು ಕೇಳಿದರೆ ಅವಳ ಉತ್ತರ ಸಿದ್ಧವಿತ್ತು: "ಕಾಶಿಗೆ ಹೊಂಟ್ರ ಸಾಯಾಕ ಹೊಂಟಾಳ ಅಂತೀರಿ. ನಾ ನೋಡಾಕ ಹೊಂಟೀನಿ."

ದಾರಿ ಹಾಕಿದವಳು ಅವಳೇ. ನಗರಗಳ ಹೆಸರು ಓದುವುದು ಮಾತ್ರ ನನ್ನ ಕೆಲಸ. ಹಿಂಡು ಹೊರಡಿಸುವಾಗ ಅವರಲ್ಲಿ ಒಂದು ರೀತಿ ಇದೆ. ಹೋದ ದಾರಿಯಲ್ಲಿ ಮರಳುವುದಿಲ್ಲ, ಅಲ್ಲಿನ ಹುಲ್ಲು ಆಗಲೇ ಮೇದು ಮುಗಿದಿರುತ್ತದೆ. ಹೊತ್ತು ಮುಳುಗುವ ಮೊದಲು ಬೀಡು ಬಿಡಬೇಕು, ಕತ್ತಲಲ್ಲಿ ಹೊಸ ಹೊಲಕ್ಕೆ ಹಿಂಡು ನುಗ್ಗಿಸಬಾರದು. ಇದೆಲ್ಲವನ್ನೂ ಅವಳು ಯುರೋಪಿಗೆ ಹಚ್ಚಿದಳು. ವಿಮಾನದಿಂದ ರೋಮಿನಲ್ಲಿ ಇಳಿದರೆ ಮರಳುವ ವಿಮಾನವನ್ನು ರೋಮಿನಿಂದ ಹತ್ತಬಾರದು. ಇಳಿದಲ್ಲಿಂದಲೇ ಹತ್ತಿದರೆ ಸೋವಿ ಎಂದು ಪ್ರವಾಸದ ಅಂಗಡಿಯವನು ಎಷ್ಟು ಹೇಳಿದರೂ ಕೇಳಲಿಲ್ಲ. ಇನ್ನು ಯಾವ ರೈಲೇ ಇರಲಿ, ಸಂಜೆ ಆರರೊಳಗೆ ಊರು ಮುಟ್ಟಿಸಬೇಕು. ಆ ಒಂದು ನಿಯಮಕ್ಕಾಗಿ ಎಷ್ಟೋ ಒಳ್ಳೆಯ ರೈಲುಗಳನ್ನು ಬಿಟ್ಟೆವು. ಪ್ಯಾರಿಸ್ಸನ್ನು ಎರಡು ಸಲ ತೆಗೆದು ಮತ್ತೆ ಸೇರಿಸಿದೆವು. ಒಂದು ಮಳೆಗಾಲವಿಡೀ ನಾನು ಹೊಲಿಗೆ ಬಿಟ್ಟು ರೈಲಿನ ಹೊತ್ತು ಹೊಂದಿಸಿದ್ದೇನೆ.

ರೈಲು ಬದಲಿಸುವುದನ್ನು ಕಲಿಯಬೇಕೆಂದು ತಾಂಡೂರಿಗೆ ಹೋದದ್ದು ಆಮೇಲೆ. ಅಲ್ಲಿ ನನ್ನ ತಂಗಿಯ ಮನೆ. ಜಹೀರಾಬಾದಿನಲ್ಲಿ ಹತ್ತಿ ವಿಕಾರಾಬಾದಿನಲ್ಲಿ ಬೇರೆ ರೈಲು ಹಿಡಿಯಬೇಕು. ಎರಡನೆಯ ರೈಲು ಆಗಲೇ ನಿಂತಿತ್ತು. ಮೇಲ್ಸೇತುವೆಯ ಮೆಟ್ಟಿಲ ಮೇಲೆ ಜನ ಸಿಕ್ಕಿಹಾಕಿಕೊಂಡಿದ್ದರು, ನಾನೂ ಅವರ ನಡುವೆ ಇದ್ದೆ. ಹಿಂದಿನಿಂದ ತುಳಜಮ್ಮ ನಾಲಿಗೆ ಹೊರಳಿಸಿ, ಕುರಿ ಅಟ್ಟುವಾಗ ಮಾಡುವ ಆ ಸದ್ದು ಮಾಡಿದಳು. ಟೊಪ್ಪಿಗೆ ಹಾಕಿದ ಹಿರಿಯರೊಬ್ಬರು, ಚೀಲ ಹೊತ್ತವರು, ಎಲ್ಲರೂ ಬಿರಬಿರನೆ ಇಳಿದರು. ಯಾಕೆ ಇಳಿದೆವೆಂದು ಅವರಿಗೇ ತಿಳಿದಿರಲಿಕ್ಕಿಲ್ಲ. ಗಾಡಿ ಸಿಕ್ಕಿತು.

ತಂಗಿಯ ಗಂಡನದು ಬಂಡೆ ಪಾಲಿಷ್ ಮಾಡುವ ಕೆಲಸ. ಊಟಕ್ಕೆ ಕುಳಿತಾಗ ಅವನು ತಮಾಷೆ ಶುರು ಮಾಡಿದ.

"ಅಲ್ಲಿ ಹೋಗಿ ಏನ ಮಾಡ್ತೀರಿ ತುಳಜಮ್ಮೋರೆ? ಯಾರಿಗರ ಮಾತರ ತಿಳೀತದೇನು?"

"ನಿಮ್ಮ ತಾಂಡೂರಿಗೆ ಬಂದೀನಲ್ರಿ. ನೀವು ಮಾತಾಡೋದು ನನಗ ಅರ್ಧ ತಿಳಿಯಂಗಿಲ್ಲ. ಉಣ್ಲತೀನಿಲ್ಲ?"

ತಂಗಿ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ಅವಳ ಮಗಳು ಸ್ವಾತಿ ಕಾಲೇಜಿನಲ್ಲಿ ಓದುತ್ತಾಳೆ. ನಮ್ಮ ದಾರಿಯನ್ನು ತನ್ನ ಫೋನಿನಲ್ಲಿ ನೋಡುತ್ತಾ ಕೇಳಿದಳು: "ದೊಡ್ಡವ್ವ, ಎಲ್ಲಾ ಕಡಿ ಆರಕ್ಕ ಯಾಕ ಮುಟ್ತೀರಿ?" ಹೊತ್ತು ಮುಳುಗುತ್ತದಲ್ಲ ಎಂದೆ. ಅವಳು ಫೋನು ತಿರುಗಿಸಿ ತೋರಿಸಿದಳು. ನಾವು ಹೋಗುವ ತಿಂಗಳಲ್ಲಿ ಅಲ್ಲಿ ರಾತ್ರಿ ಒಂಬತ್ತು ದಾಟಿದರೂ ಬೆಳಕು ಇರುತ್ತದಂತೆ.

ತಂಗಿಯ ಗಂಡ ಏನೋ ಹೇಳಲು ಬಾಯಿ ತೆಗೆದ. ಅಷ್ಟರಲ್ಲಿ ತುಳಜಮ್ಮ ತಟ್ಟೆಯ ಮೇಲೆ ಕೈಯಿಟ್ಟು ನಕ್ಕಳು. ಅಷ್ಟು ನಕ್ಕದ್ದನ್ನು ನಾನು ಎಂದೂ ನೋಡಿರಲಿಲ್ಲ. "ಅದಕ್ಕ ಅಲ್ಲಿ ಕುರಿ ಹಂಗ ಮೈ ತುಂಬ್ಯಾವ. ಮೇಯಾಕ ಅಷ್ಟು ಹೊತ್ತು ಸಿಗ್ತದ," ಎಂದಳು. ನನ್ನ ಕಡೆ ತಿರುಗಿ, "ಪೂರಾ ಅಳಿಸು ಶಾಂತಾ. ಮತ್ತ ಹಾಕೋಣ," ಎಂದಳು. ಮೊದಲಿನಿಂದ ಹಾಕಿದೆವು. ಬಿಟ್ಟ ರೈಲುಗಳೆಲ್ಲ ಮರಳಿ ಬಂದವು.

ಅವಳ ದಿನಕರ್ಮಕ್ಕೆ ಹೋದಾಗ ಹೆಂಗಸರು ನನ್ನನ್ನು ಸುತ್ತುವರಿದರು. ಅತಿಯಾಸೆಗೆ ದೃಷ್ಟಿ ತಾಗಿತು ಎಂದಳು ಒಬ್ಬಳು. ಆ ಓಡಾಟದಿಂದಲೇ ಎದೆ ಒಡೆಯಿತು ಎಂದಳು ಇನ್ನೊಬ್ಬಳು. ನಾನು ಹೆಚ್ಚು ಮಾತಾಡುವವಳಲ್ಲ. ಆದರೂ ಅಂದು ಹೇಳಿದೆ: ಸಣ್ಣ ವಯಸ್ಸಿನಿಂದ ಕಲ್ಲುಮುಳ್ಳು ತುಳಿದು ಹಿಂಡಿನ ಹಿಂದೆ ನಡೆದಾಗ ಅವಳ ಎದೆ ಒಡೆಯುತ್ತದೆಂದು ನಿಮಗ್ಯಾರಿಗೂ ಅನ್ನಿಸಲಿಲ್ಲ, ತನಗಾಗಿ ನಡೆಯುತ್ತೇನೆ ಎಂದಾಗ ಮಾತ್ರ ಅನ್ನಿಸಿತು. ಆಸೆಪಟ್ಟು ಯಾರೂ ಸಾಯುವುದಿಲ್ಲ. ಅವಳು ಕೊನೆಯ ವರ್ಷ ಬದುಕಿದಷ್ಟು ನಮ್ಮಲ್ಲಿ ಎಷ್ಟೋ ಮಂದಿ ಜನ್ಮವಿಡೀ ಬದುಕಿಲ್ಲ.

ಬೀರಪ್ಪ ಒಳ್ಳೆಯ ಮಗ. ಬಸ್ಸಿನವರೆಗೆ ಬಂದ. "ಇನ್ನ ಆ ಮಾತು ಬಿಡ್ರಿ ಚಿಕ್ಕವ್ವ. ಅವ್ವನೇ ಇಲ್ಲ, ಯಾರ ಕೂಡ ಹೋಗ್ತೀರಿ?"

"ನಾ ಒಬ್ಬಾಕಿನೇ ಹೋಗ್ತೀನಿ," ಎಂದೆ.

ಅವನು ನನ್ನ ಮುಖ ನೋಡಿದ. ಅವ್ವನ ಕಂಬಳಿ ಒಯ್ಯಿರಿ, ಅಲ್ಲಿ ಚಳಿ ಇರುತ್ತದಂತೆ ಎಂದ. ಅದು ಈಗ ನನ್ನ ಮನೆಯಲ್ಲಿದೆ. ಇನ್ನೂ ಕುರಿಯ ವಾಸನೆ ಹೋಗಿಲ್ಲ, ನಾನು ಒಗೆದಿಲ್ಲ.

ವೀಸಾ ಬಂದಿದೆ. ಹೆಂಗಸು, ವಯಸ್ಸಾದವಳು, ಒಬ್ಬಳೇ ಯಾಕೆ ಎಂದು ಅಲ್ಲಿಯೂ ಕೇಳಿದರು. ನೋಡುವುದಿದೆ ಎಂದೆ. ತಂಗಿ ತಾನು ಜೊತೆಗೆ ಬರುತ್ತೇನೆ ಎಂದಳು. ಬೇಡ ಎಂದೆ, ಅವಳಿಗೆ ಬೇಜಾರಾಯಿತು. ಒಬ್ಬರ ಜಾಗಕ್ಕೆ ಇನ್ನೊಬ್ಬರನ್ನು ಕೂರಿಸಿಕೊಂಡು ಹೋಗಲು ನನ್ನಿಂದ ಆಗುವುದಿಲ್ಲ. ಮೇ ತಿಂಗಳ ಕೊನೆಗೆ ಹೊರಡುತ್ತೇನೆ. ಅಂಗಡಿಗೆ ಬೀಗ ಹಾಕಲು, ಊರವರ ಮಾತು ಕೇಳಿಸಿಕೊಳ್ಳಲು ನಾನು ತಯಾರಾಗಿದ್ದೇನೆ. ರೈಲುಗಳ ಹೊತ್ತು ಬಾಯಿಪಾಠ ಆಗಿದೆ. ವಿಯೆನ್ನಾದ ಆ ಎರಡು ದಿನ ಮಾತ್ರ ಇನ್ನೂ ತೀರ್ಮಾನವಾಗಿಲ್ಲ.

ತುಳಜಮ್ಮ ಇಲ್ಲ.