ಮೀನು ಮುಟ್ಟದ ಬುಟ್ಟಿ

ಹಸಿ ಬಿದಿರು ಸೀಳಿದಾಗ ಒಂದು ವಾಸನೆ ಬರುತ್ತದೆ. ಕೊಯ್ದ ಹುಲ್ಲಿಗೂ ಸೌತೆಕಾಯಿಗೂ ನಡುವಿನದು. ಕಳೆದ ವಾರ ಕೆಂಪು ಬಾಳೆಯ ಬಗ್ಗೆ ವರದಿ ಮಾಡಲು ಕಮಲಾಪುರಕ್ಕೆ ಹೋಗಿದ್ದೆ. ರಸ್ತೆ ಬದಿಯಲ್ಲಿ ಹೆಂಗಸೊಬ್ಬರು ಬುಟ್ಟಿ ಹೆಣೆಯುತ್ತಿದ್ದರು. ಆ ವಾಸನೆಗೆ ಕಲಬುರಗಿಯ ಬ್ರಹ್ಮಪುರದ ನಮ್ಮ ಮನೆಯ ಮಾಳಿಗೆ ನೆನಪಾಯಿತು, ಅಲ್ಲಿ ಬಾಡಿಗೆಗಿದ್ದ ಜಪಾನಿನ ಹೆಂಗಸೂ...

ಆಗ ನಾನು ಕಾಲೇಜಿನಲ್ಲಿದ್ದೆ. ಅವರ ಗಂಡ ಸಿಮೆಂಟ್ ಕಾರ್ಖಾನೆಯೊಂದಕ್ಕೆ ಯಂತ್ರ ಕೂಡಿಸಲು ಬಂದ ಎಂಜಿನಿಯರ್. ಮನೆಯಲ್ಲಿ ಮೀನು, ಮಾಂಸ ಬೇಯಿಸಬಾರದೆಂದು ಅಜ್ಜಿ ಮೊದಲೇ ಹೇಳಿದ್ದಳು. ಒಪ್ಪಿಕೊಂಡು ಬಂದಿದ್ದರು, ಮಾತಿಗೆ ತಪ್ಪಲಿಲ್ಲ. ಗಂಡ ಕೆಲಸಕ್ಕೆ ಹೋದರೆ ದಿನವಿಡೀ ಒಬ್ಬರೇ. ಮಧ್ಯಾಹ್ನ ಕೆಳಗಿಳಿದು ನಮ್ಮ ಅಡುಗೆಮನೆಯ ಹೊಸ್ತಿಲ ಹೊರಗೆ ಕೂಡುತ್ತಿದ್ದರು. ಅಮ್ಮ ರೊಟ್ಟಿ ಬಡಿಯುತ್ತಿದ್ದರೆ ಅವರು ಅರ್ಧಂಬರ್ಧ ಇಂಗ್ಲಿಷಿನಲ್ಲಿ ತಮ್ಮೂರಿನ ಬಗ್ಗೆ ಹೇಳುತ್ತಿದ್ದರು. ನಾನು ಅದನ್ನು ಅಮ್ಮನಿಗೆ ಕನ್ನಡ ಮಾಡಿ ಹೇಳುತ್ತಿದ್ದೆ. ಹಿಂದೆ ಬೆಟ್ಟ, ಮುಂದೆ ಸಮುದ್ರ, ನಡುವೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಭತ್ತದ ಗದ್ದೆ. ಸಮುದ್ರದ ನೀರನ್ನು ಮರಳಿನ ಮೇಲೆ ಎರಚಿ ಉಪ್ಪು ತೆಗೆಯುತ್ತಾರಂತೆ. ಸಿಪ್ಪೆ ಹೆರೆದ ಹಣ್ಣುಗಳನ್ನು ದಾರಕ್ಕೆ ಕಟ್ಟಿ ಸೂರಿನಡಿ ಒಣಗಲು ಬಿಡುತ್ತಾರಂತೆ. ಹಿಮ ಬಿದ್ದು ಹೊರಗೆ ಹೋಗಲಾಗದ ತಿಂಗಳುಗಳಲ್ಲಿ ಕುಳಿತು ಬಿದಿರು ಹೆಣೆಯುತ್ತಾರಂತೆ.

"ಆ ಹಿಮಾ ಸ್ವಲ್ಪ ನಮ್ಮ ಕಡೆ ಕಳಸರಿ ಅಂತ ಹೇಳೋ," ಎನ್ನುತ್ತಿದ್ದಳು ಅಮ್ಮ, ಸೆರಗಿನಿಂದ ಬೆವರು ಒರೆಸಿಕೊಳ್ಳುತ್ತ.

ಒಮ್ಮೆ ಅವರನ್ನು ಕಮಲಾಪುರಕ್ಕೆ ಕರೆದೊಯ್ದೆವು. ಬಾಳೆ ತೋಟಕ್ಕಿಂತ ಬುಟ್ಟಿ ಹೆಣೆಯುವವರ ಹತ್ತಿರವೇ ಹೆಚ್ಚು ಹೊತ್ತು ಕುಳಿತರು. ಬರುವಾಗ ಸೀಳಿದ ಬಿದಿರು ಕಟ್ಟಿಸಿಕೊಂಡು ಬಂದು, ತಮ್ಮೂರಿನ ರೀತಿಯ ಅಗಲವಾದ, ತಟ್ಟೆಯಂಥ ಬುಟ್ಟಿಯೊಂದನ್ನು ಹೆಣೆದು ಅಮ್ಮನಿಗೆ ಕೊಟ್ಟರು. ಅಮ್ಮ ಅದನ್ನು ದೇವರ ಮನೆಯಲ್ಲಿ ಹೂವಿಗೆ ಇಟ್ಟುಕೊಂಡಳು.

ಶ್ರಾವಣದ ಒಂದು ಶುಕ್ರವಾರ ಹೊಸ್ತಿಲಿಂದಲೇ ಅದನ್ನು ಕಂಡು ಅವರ ಮುಖ ಅರಳಿತು. ತಮ್ಮೂರಲ್ಲಿ ಇಂಥದರ ಮೇಲೆ ಸಣ್ಣ ಮೀನು ಒಣಗಿಸುತ್ತಾರೆ, ಹೆಣಿಗೆ ತಮ್ಮ ತಾಯಿ ಕಲಿಸಿದ್ದು ಎಂದರು. 'ಫಿಶ್' ಎಂಬ ಶಬ್ದವನ್ನು ನಾನು ಕನ್ನಡ ಮಾಡಬೇಕಾಗಲಿಲ್ಲ.

ಅಜ್ಜಿ ಜಪ ನಿಲ್ಲಿಸಿದಳು. "ಮೊದಲ ಅದನ್ನ ಹೊರಗ ಇಡು."

"ಅತ್ಯಾ, ಅದು ಮೀನು ಮುಟ್ಟೇ ಇಲ್ಲ. ಕಮಲಾಪುರದ ಬಿದಿರು ಅದ," ಎಂದಳು ಅಮ್ಮ.

"ಮುಟ್ಟಲಿ, ಬಿಡಲಿ. ದೇವರ ಹೂವು ಮೀನಿನ ಬುಟ್ಟ್ಯಾಗ ಇಡೋದೇನು?"

ಅಮ್ಮ ಹೂವು ತೆಗೆದು ತಟ್ಟೆಗೆ ಹಾಕಿದಳು. ಬುಟ್ಟಿ ಹಿತ್ತಲಿಗೆ ಹೋಗಿ ಉಳ್ಳಾಗಡ್ಡಿಯ ಪಾಲಾಯಿತು. ಆ ಮಾತುಗಳು ಅವರಿಗೆ ತಿಳಿದಿರಲಿಕ್ಕಿಲ್ಲ. ಆದರೆ ಮರುದಿನ ಮಾಳಿಗೆಯ ಮೇಲೆ ಬಟ್ಟೆ ಒಣಹಾಕುವಾಗ ಕೆಳಗೆ ಹಿತ್ತಲಲ್ಲಿದ್ದ ಬುಟ್ಟಿಯನ್ನು ಕಂಡರು. ಹಿಂಡಿದ ಬಟ್ಟೆ ಕೈಯಲ್ಲಿ ಹಿಡಿದೇ ಬಹಳ ಹೊತ್ತು ನಿಂತಿದ್ದರು.

ಅಂದಿನಿಂದ ಕೆಳಗೆ ಬರಲಿಲ್ಲ. ಕರೆದರೆ ನಕ್ಕು, ತಲೆ ಬಾಗಿಸಿ, ಕೆಲಸವಿದೆ ಎನ್ನುತ್ತಿದ್ದರು. ಒಂದು ದಿನ ಅಮ್ಮ ಡಬ್ಬಿಯಲ್ಲಿ ಹೋಳಿಗೆ ಹಾಕಿಕೊಂಡು ತಾನೇ ಮೇಲೆ ಹೋದಳು. ಎರಡೂ ಕೈಯಿಂದ ತೆಗೆದುಕೊಂಡರಂತೆ. ಮರುದಿನ ಬೆಳಿಗ್ಗೆ ಡಬ್ಬಿ ನಮ್ಮ ಬಾಗಿಲಲ್ಲಿತ್ತು. ಫಳಫಳ ತಿಕ್ಕಿದ್ದರು. ಒಳಗೆ ಏನೂ ಇರಲಿಲ್ಲ. ನಮ್ಮ ಹಾಗೆ ಅವರಲ್ಲೂ ಖಾಲಿ ಪಾತ್ರೆ ಮರಳಿಸುವ ರೂಢಿಯಿಲ್ಲ. ಅದುವರೆಗೆ ಪ್ರತಿ ಸಲವೂ ಒಂದೆರಡು ಹಣ್ಣನ್ನಾದರೂ ಹಾಕಿಯೇ ಕೊಟ್ಟಿದ್ದರು. ತಮ್ಮ ಕೈಯಿಂದ ಇನ್ನು ಏನೂ ಈ ಮನೆಗೆ ಸಲ್ಲದು ಎಂದುಕೊಂಡಿದ್ದರು.

ಅಮ್ಮ ಮುಚ್ಚಳ ತೆರೆದು ನೋಡಿ, "ಏನರೆ ಒಂದು ಹಾಕಬಾರದಿತ್ತ..." ಎಂದಳು.

ದಸರೆಗೆ ಮೊದಲೇ ಯಂತ್ರದ ಕೆಲಸ ಮುಗಿದು ಅವರು ಹೊರಟರು. ಅಮ್ಮ ಏನೋ ಹೇಳಬೇಕೆಂದಿದ್ದಳು; ಅಜ್ಜಿ ಬಾಗಿಲಲ್ಲೇ ನಿಂತಿದ್ದಳು. ಅಮ್ಮ ಕುಂಕುಮ ಹಚ್ಚಿ, ಕುಪ್ಪಸದ ಖಣ ಕೊಟ್ಟಳು, ಅಷ್ಟೇ. ಅವರು ಆಟೊ ಹತ್ತುವ ಮೊದಲು ನಡು ಬಾಗಿಸಿ ವಂದಿಸಿದರು. ಅಜ್ಜಿಗೂ.

ಅಜ್ಜಿ ತೀರಿಕೊಂಡು ಬಹಳ ವರ್ಷಗಳಾದವು. ಕಮಲಾಪುರದಿಂದ ಬಂದ ಸಂಜೆ ಅಮ್ಮನಿಗೆ ಇದನ್ನೆಲ್ಲ ನೆನಪಿಸಿದೆ. ಮರೆತಿರಲಿಲ್ಲ.

"ಆ ಕಡೆ ಭೂಕಂಪ ಆಗಿತ್ತಲ್ಲ, ಟಿ.ವಿ.ಯೊಳಗ ತೋರಿಸ್ತಿದ್ರು. ಗುಡ್ಡ ಕುಸದು ಸಮುದ್ರದ ದಂಡಿ ತನಕಾ ಬಂದಿತ್ತು. ಆಕಿದು ಅದೇ ಊರೇನು?"

ಅಲ್ಲಿ ಅಂಥ ಊರುಗಳು ಬೇಕಾದಷ್ಟಿವೆ ಎಂದೆ.

"ಫೋನಿನ್ಯಾಗ ನೋಡು. ಊರಿನ ಹೆಸರೇನು?"

ನನ್ನ ಪ್ರತಿ ವರದಿಯೂ ಊರಿನ ಹೆಸರಿನಿಂದಲೇ ಶುರುವಾಗುತ್ತದೆ. ಅವರು ಹೇಳಿದ್ದನ್ನೆಲ್ಲ ಕನ್ನಡ ಮಾಡಿದವನೂ ನಾನೇ. ಹೆಸರನ್ನು ಮಾತ್ರ ನಮ್ಮ ಮನೆಯಲ್ಲಿ ಯಾರೂ ಕೇಳಿರಲಿಲ್ಲ... ಫೋನು ಕೈಯಲ್ಲೇ ಇತ್ತು. ಅಮ್ಮ ಕಾಯುತ್ತಿದ್ದಳು.