ಸೋಮವಾರದ ಉತ್ತರ, ಗುರುವಾರದ ಪೇಢೆ

ಗಿರಿಜಾ ಅವರೇ, ನಿಮಗೆ ನರ್ಸಿಂಗ್ ಸೀಟು ಸಿಕ್ಕಿದ ಸುದ್ದಿ ಬಂದದ್ದು ಗುರುವಾರ ಅಲ್ಲ, ಸೋಮವಾರ. ಸೋಮವಾರವೇ ನಾನು ಅದನ್ನು ನೋಡಿದೆ, ಎರಡು ಸಲ ಓದಿದೆ, ಆಮೇಲೆ ನಿಮ್ಮೆದುರಿಗೇ "ಇನ್ನೂ ಬಂದಿಲ್ಲ ರೀ" ಅಂದೆ. ಹನ್ನೊಂದು ವರ್ಷವಾಯಿತು. ಇಷ್ಟು ಬರೆಯುವುದಕ್ಕೇ ಮೂರು ಲೋಟ ಕಾಫಿ ಖರ್ಚಾಗಿದೆ — ಮಿಕ್ಕದ್ದನ್ನೂ ಬರೆದುಬಿಡುತ್ತೇನೆ.

ಬಾಯಲ್ಲೇ ಹೇಳಬಹುದಿತ್ತು. ಆದರೆ ನಿಮ್ಮನ್ನು ನಾನು ಬಲ್ಲೆ. ನಾನು ಅರ್ಧ ಹೇಳುವಷ್ಟರಲ್ಲಿ "ಹೋಗ್ಲಿ ಬಿಡ್ರಿ, ಊಟಾ ಮಾಡೋಣು" ಅಂದು ಮುಗಿಸಿಬಿಡುತ್ತೀರಿ. ಪೂರ್ತಿ ಕೇಳದೆ ಕೊಟ್ಟ ಕ್ಷಮೆ ನನಗೆ ಬೇಡ.

ಆಗ ನೀವು ಇಲ್ಲೇ, ಡಾಲಸ್ ಪಕ್ಕದ ಮರ್ಫಿಯಲ್ಲಿ, ನಮ್ಮ ಹಿಂದಿನ ಬೀದಿಯಲ್ಲೇ ಇದ್ದಿರಿ. ನಲವತ್ತರ ಹೊಸ್ತಿಲಲ್ಲಿದ್ದ ಇಬ್ಬರು ಹೆಂಗಸರು, ಕಮ್ಯೂನಿಟಿ ಕಾಲೇಜಿನ ನರ್ಸಿಂಗ್ ಕೋರ್ಸಿಗೆ ಸೇರುತ್ತೇವೆ ಅಂತ ಹೊರಟಾಗ ನಮ್ಮ ಗಂಡಂದಿರು ಮೊದಲು ನಕ್ಕರು, ಆಮೇಲೆ ಡೈನಿಂಗ್ ಟೇಬಲ್ ಬಿಟ್ಟುಕೊಟ್ಟು ಸೋಫಾದಲ್ಲಿ ಊಟ ಮಾಡುವುದನ್ನು ಕಲಿತರು. ನಾನು ಮೈಸೂರಿನಲ್ಲಿ ಬಿ.ಎಸ್ಸಿ. ಓದಿದವಳು. ನೀವು ಧಾರವಾಡದ ಬಿ.ಕಾಂ. ಹಾಗಾಗಿ ನಾನು ಪಾಠ ಹೇಳಿಕೊಡುವವಳು, ನೀವು ಕಲಿಯುವವರು — ಇದು ಯಾರೂ ಗೊತ್ತು ಮಾಡದಿದ್ದರೂ ಗೊತ್ತಾಗಿಹೋಗಿದ್ದ ಏರ್ಪಾಡು. ಮಣಿಕಟ್ಟಿನ ಎಂಟು ಮೂಳೆಗಳ ಹೆಸರು ನಿಮ್ಮ ತಲೆಗೆ ಹತ್ತುತ್ತಲೇ ಇರಲಿಲ್ಲ. ಕೊನೆಗೆ ಜೋಳದ ರೊಟ್ಟಿ ಬಡಿಯುತ್ತಾ, ಒಂದೊಂದು ಏಟಿಗೆ ಒಂದೊಂದು ಹೆಸರು ಹೇಳಿ ಬಾಯಿಪಾಠ ಮಾಡಿದಿರಿ. ಎಂಟು ಮೂಳೆ ಮುಗಿಯುವ ಹೊತ್ತಿಗೆ ರೊಟ್ಟಿ ತಟ್ಟೆಯಗಲ ಆಗಿರುತ್ತಿತ್ತು. ನಾನು ನಕ್ಕೂ ನಕ್ಕೂ ಸುಸ್ತಾಗುತ್ತಿದ್ದೆ. ಅಷ್ಟು ಖುಷಿಯ ದಿನಗಳು ಅವು.

ನಾನು ಅರ್ಜಿ ಹಾಕಿದ್ದು ಅದೇ ಮೊದಲ ಸಲ. ನಿಮಗೆ ಅದು ಮೂರನೆಯದು. ಹಿಂದಿನ ಎರಡು ಸಲವೂ ಉತ್ತರವನ್ನು ನೀವೇ ತೆರೆದಿದ್ದಿರಿ, ಎರಡು ಸಲವೂ ಇಲ್ಲ ಅಂತ ಬಂದಿತ್ತು. ಅದಕ್ಕೇ ಈ ಸಲ ಮುಟ್ಟುವುದೇ ಇಲ್ಲ ಅಂತ ಹಟ ಹಿಡಿದಿರಿ. ನಿಮ್ಮ ಫೋನಿನಿಂದ ಕಾಲೇಜಿನ ಇ-ಮೇಲ್ ಖಾತೆಯನ್ನೇ ತೆಗೆಸಿದಿರಿ, ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ನನ್ನ ಕೈಗಿಟ್ಟಿರಿ.

"ನಿಮ್ಮ ಕೈಗುಣ ಚಲೋ ಅದ ರೀ, ಶುಭಾ. ನೀವ ತಗೀರಿ. ನಾ ಮುಟ್ಟಂಗಿಲ್ಲ."

ನನ್ನ ಕೈಗುಣಕ್ಕೆ ನಿಮ್ಮ ಹತ್ತಿರ ಇದ್ದ ಪುರಾವೆ ಒಂದೇ — ನಾನು ಕೊಟ್ಟ ಕರಿಬೇವಿನ ಸಸಿ. ಆ ವರ್ಷದ ಚಳಿಗೆ ಮರ್ಫಿಯಲ್ಲಿ ಎಲ್ಲರ ಮನೆಯ ಕರಿಬೇವೂ ಸತ್ತಿತ್ತು, ನಿಮ್ಮದೊಂದು ಚಿಗುರಿತ್ತು. ಅದನ್ನು ರಾತ್ರಿ ಹೊತ್ತು ಮನೆಯೊಳಗೆ ತಂದು ಇಟ್ಟುಕೊಳ್ಳುತ್ತಿದ್ದವರು ನೀವು ಅನ್ನುವುದು ನಿಮಗೆ ಲೆಕ್ಕಕ್ಕೇ ಬರಲಿಲ್ಲ.

ಉತ್ತರ ಕಳಿಸುತ್ತೇವೆ ಅಂತ ಕಾಲೇಜಿನವರು ಹೇಳಿದ್ದ ಆ ಸೋಮವಾರ ನಿಮ್ಮ ಅಡುಗೆಮನೆಯಲ್ಲಿದ್ದೆವು. ಲ್ಯಾಪ್‌ಟಾಪ್ ನನ್ನ ಕಡೆಗೆ ತಿರುಗಿತ್ತು. ನೀವು ಒಲೆಯ ಕಡೆ ಮುಖ ಮಾಡಿ, ಕಣ್ಣು ಮುಚ್ಚಿ, ಏನೋ ಹೇಳಿಕೊಳ್ಳುತ್ತಾ ನಿಂತಿದ್ದಿರಿ. ಮೊದಲು ನನ್ನದನ್ನು ತೆರೆದೆ. ಸೀಟು ಇಲ್ಲ, ಕಾಯುವವರ ಪಟ್ಟಿಯಲ್ಲಿ ಮೊದಲ ಹೆಸರು ನನ್ನದು. ಆಮೇಲೆ ನಿಮ್ಮದು. ಅಭಿನಂದನೆಗಳು ಅಂತ ಶುರುವಾಗಿತ್ತು. ಒಂದು ವಾರದೊಳಗೆ ಒಪ್ಪಿಗೆ ತಿಳಿಸಬೇಕು, ಇಲ್ಲದಿದ್ದರೆ ಸೀಟು ಪಟ್ಟಿಯಲ್ಲಿರುವವರಿಗೆ ಹೋಗುತ್ತದೆ.

"ಬಂತೇನ್ರಿ?" ಅಂದಿರಿ, ತಿರುಗದೆ.

"ಇನ್ನೂ ಬಂದಿಲ್ಲ ರೀ."

ಬಾಯಿತಪ್ಪಿ ಬಂತು, ಹೊಟ್ಟೆಕಿಚ್ಚಿನಲ್ಲಿ ಬಂತು — ಹನ್ನೊಂದು ವರ್ಷ ನನಗೆ ನಾನೇ ಹೀಗೆ ಹೇಳಿಕೊಂಡೆ. ಹೊಟ್ಟೆಕಿಚ್ಚು ಇತ್ತು, ನಿಜ. ಮೂಳೆ ಹೇಳಿಕೊಟ್ಟವಳು ನಾನು, ಸೀಟು ನಿಮಗೆ! ಆದರೆ ಅಷ್ಟೇ ಆಗಿದ್ದರೆ ಸಂಜೆಯ ಹೊತ್ತಿಗೆ ಇಳಿಯುತ್ತಿತ್ತು. ನಾನು ಇನ್ನೊಂದು ಯೋಚನೆಯನ್ನೂ ಮಾಡಿದೆ. ವಾರ ಕಳೆದರೆ ನಿಮ್ಮ ಸೀಟು ಬಿಡುಗಡೆ ಆಗುತ್ತದೆ. ಪಟ್ಟಿಯಲ್ಲಿ ಮೊದಲ ಹೆಸರು ನನ್ನದು. ಗಿರಿಜಾ ಅವರೇ, ನಾನು ಅದನ್ನು ಯೋಚಿಸಿದೆ. ಮಂಗಳವಾರ ಬೆಳಿಗ್ಗೆ ಹಲ್ಲುಜ್ಜುತ್ತಾ, ಕನ್ನಡಿಯಲ್ಲಿ ನನ್ನ ಮುಖ ನೋಡಿಕೊಂಡೇ ಯೋಚಿಸಿದೆ.

ಮಂಗಳವಾರ ನೀವು ಫೋನ್ ಮಾಡಿದಿರಿ. ಇಲ್ಲ ರೀ ಅಂದೆ. ಬುಧವಾರ ಎಣ್ಣೆಗಾಯಿ ತಂದುಕೊಟ್ಟು, "ದಿನಾ ನಿಮಗ ತ್ರಾಸ ಕೊಡಾಕತ್ತೀನಿ" ಅಂತ ಸಂಕೋಚಪಟ್ಟಿರಿ. ಇಲ್ಲ ರೀ ಅಂದೆ. ಆ ಎಣ್ಣೆಗಾಯಿಯನ್ನು ತಿಂದೆ ಕೂಡ — ಬಹಳ ಚೆನ್ನಾಗಿತ್ತು, ಸುಳ್ಳು ಯಾಕೆ ಹೇಳಲಿ, ಹೇಳಿದ ಸುಳ್ಳೇ ಸಾಕು.

ಗುರುವಾರ ನೀವು ಅಕ್ಕಿಚೀಲ ಹೊತ್ತುಕೊಂಡು ಬಂದಿರಿ. ಒಳಗೆ ಪುಸ್ತಕಗಳು. ಮೂರು ವರ್ಷ ನೀವು ಹಳದಿ, ಗುಲಾಬಿ ಗೆರೆ ಎಳೆದ ಪುಸ್ತಕಗಳು, ಕೆಲವು ಹಾಳೆಗಳ ಮೇಲೆ ಜೋಳದ ಹಿಟ್ಟಿನ ಬೆರಳಚ್ಚು.

"ಇಷ್ಟ ದಿನಾ ಬರಲಿಲ್ಲಂದ್ರ ಮುಗೀತ್ರಿ. ಇನ್ನ ಅರ್ಜಿ ಹಾಕಂಗಿಲ್ಲ. ನಿಮಗರ ಉಪಯೋಗ ಆಗ್ಲಿ, ಇಟ್ಕೋರಿ."

ಚೀಲ ಕೆಳಗಿಟ್ಟು ನಗಲು ನೋಡಿದಿರಿ, ನಗು ಬರಲಿಲ್ಲ. ನನಗೆ ಆಗ ಎಷ್ಟು ನಾಚಿಕೆಯಾಯಿತು ಅಂದರೆ — ಆದರೂ, ನೋಡಿ, ನಿಜ ಹೇಳುವಷ್ಟು ಆಗಲಿಲ್ಲ. "ಇರಿ, ಇನ್ನೊಂದು ಸಲ ನೋಡ್ತೀನಿ" ಅಂತ ಲ್ಯಾಪ್‌ಟಾಪ್ ತೆಗೆದೆ. ಆಶ್ಚರ್ಯದ ಮುಖ ಮಾಡಿದೆ. "ಬಂತು ರೀ! ಈಗ ಬಂತು!" ಅಂತ ಕೂಗಿದೆ.

ಪತ್ರದ ಮೇಲೆ ಸೋಮವಾರದ ತಾರೀಖಿತ್ತು. ನೀವು ಅದನ್ನು ಗಮನಿಸಿದಿರಿ ಕೂಡ. "ಪತ್ರಾ ಬರೆದಿದ್ದು ಸೋಮವಾರ, ಕಳಿಸಿದ್ದು ಇವತ್ತ ನೋಡ್ರಿ, ಏನ್ ಮಂದಿ!" ಅಂದಿರಿ. ನಾನು ಹುಡುಕುತ್ತಿದ್ದ ಸುಳ್ಳನ್ನು ನೀವೇ ಒದಗಿಸಿಕೊಟ್ಟಿರಿ. ಆಮೇಲೆ ನನ್ನ ಬಲಗೈ ಹಿಡಿದು ಎರಡೂ ಕಣ್ಣಿಗೆ ಒತ್ತಿಕೊಂಡಿರಿ. ಮನೆಗೆ ಓಡಿ, ಎರಡು ವರ್ಷದಿಂದ ಫ್ರೀಜರಿನಲ್ಲಿ ಈ ದಿನಕ್ಕೇ ಕಾಯುತ್ತಿದ್ದ ಧಾರವಾಡದ ಪೇಢೆ ತಂದಿರಿ. ಕಲ್ಲಾಗಿದ್ದ ಪೇಢೆ ಕಚ್ಚಿ ನನ್ನ ಹಲ್ಲು ಜುಮ್ಮೆಂದಿತು. ನಿಮ್ಮ ಕಣ್ಣಲ್ಲೂ ನೀರು, ನನ್ನ ಕಣ್ಣಲ್ಲೂ ನೀರು. ಹಲ್ಲುನೋವಿಗೆ ಅಂತ ಹೇಳಿದೆ.

ಸೀಟು ಉಳಿಯಿತಲ್ಲ, ಅನ್ನುತ್ತೀರಿ. ಉಳಿಯಿತು. ಆದರೆ ಯಾವ ಆಸ್ಪತ್ರೆಯಲ್ಲಿ ತರಬೇತಿ ಅನ್ನುವುದರಲ್ಲಿ, ಸೀಟನ್ನು ಮೊದಲು ಒಪ್ಪಿದವರಿಗೆ ಮೊದಲ ಆಯ್ಕೆ. ನೀವು ಒಪ್ಪುವ ಹೊತ್ತಿಗೆ ನಮ್ಮ ಹತ್ತಿರದ ಆಸ್ಪತ್ರೆಗಳ ಗುಂಪುಗಳೆಲ್ಲ ತುಂಬಿದ್ದವು. ನಿಮಗೆ ಉಳಿದದ್ದು ಡಾಲಸ್‌ನ ಆ ತುದಿಯ ಆಸ್ಪತ್ರೆ. ಮೊದಲ ವರ್ಷ ಪೂರ್ತಿ, ತರಬೇತಿಯ ದಿನಗಳಲ್ಲಿ ಬೆಳಗಿನ ಐದಕ್ಕೆಲ್ಲ ಕಾರು ಹತ್ತಿದಿರಿ. ಎಂಟು ವರ್ಷದ ಪಲ್ಲವಿ ಏಳುವಾಗ ಅಮ್ಮ ಮನೆಯಲ್ಲಿರುತ್ತಿರಲಿಲ್ಲ.

ಆ ಬೆಳಿಗ್ಗೆಗಳಲ್ಲಿ ನಾನು ಬಂದು ಅವಳಿಗೆ ಜಡೆ ಹಾಕಿ ಸ್ಕೂಲ್ ಬಸ್ಸಿಗೆ ಹತ್ತಿಸುತ್ತಿದ್ದೆ. ನನಗೆ ಗಂಡುಮಕ್ಕಳು, ಜಡೆ ಹಾಕಿ ಅಭ್ಯಾಸವಿಲ್ಲ. "ಆಂಟಿ, ದಿಸ್ ಸೈಡ್ ಈಸ್ ಹೈಯರ್" ಅಂತ ದಿನಾ ತಕರಾರು. ಒಂದು ದಿನ ಫೋಟೋ ತೆಗೆದು ನಿಮಗೆ ಕಳಿಸಿಯೂ ಬಿಟ್ಟಳು. ನೀವು ಎಲ್ಲರ ಮುಂದೆ "ಶುಭಾ ಅಂದ್ರ ನನ್ನ ಸ್ವಂತ ಅಕ್ಕ" ಅಂತ ಹೊಗಳಿದಿರಿ. ನಾನು ಮಾಡುತ್ತಿದ್ದದ್ದು ಉಪಕಾರವಲ್ಲ ಅಂತ ನನಗೊಬ್ಬಳಿಗೇ ಗೊತ್ತಿತ್ತು. ಆದರೆ ಆ ಮಗು ಬಸ್ಸಿನ ಕಿಟಕಿಯಿಂದ ಕೈ ಬೀಸುವಾಗ ಆಗುತ್ತಿದ್ದ ಸಂತೋಷ ಮಾತ್ರ ನಿಜವಾದದ್ದು.

ಮರುವರ್ಷ ನಾನು ಮತ್ತೆ ಅರ್ಜಿ ಹಾಕಿದೆ. ಅದೇ ಅಕ್ಕಿಚೀಲದ ಪುಸ್ತಕಗಳನ್ನು ಓದಿ. ನನ್ನ ಉತ್ತರವನ್ನು ನೀವು ತೆರೆದಿರಿ. ಪೂರ್ತಿ ಓದುವ ಮೊದಲೇ ಕಿರುಚಿದಿರಿ, ಪಕ್ಕದ ಮನೆಯ ನಾಯಿ ಬೊಗಳಲು ಶುರುಮಾಡಿತು. ಅವತ್ತು ಹೇಳಬೇಕಿತ್ತು. ಅವತ್ತೇ ಹೇಳಬೇಕಿತ್ತು.

ಹೇಳಲಿಲ್ಲ, ಹೀಗಾಗಿ ನನ್ನ ಕೈಗುಣ ಊರೆಲ್ಲ ಹಬ್ಬಿತು. ನೀವೇ ಹಬ್ಬಿಸಿದಿರಿ. ಯಾರದೋ ಮಗನ ಕಾಲೇಜಿನ ಫಲಿತಾಂಶ, ಯಾರದೋ ವೀಸಾ, ಇನ್ನೊಬ್ಬರ ಸೊಸೆಯ ಸ್ಕ್ಯಾನ್ ರಿಪೋರ್ಟ್ — ಎಲ್ಲರೂ ಫೋನು ಹಿಡಿದು ನಮ್ಮ ಬಾಗಿಲಿಗೆ. ಒಬ್ಬ ಅಂಕಲ್ ಕೆರೆದು ನೋಡುವ ಲಾಟರಿ ಟಿಕೆಟ್ ತಂದು ನನ್ನ ಕೈಯಿಂದಲೇ ಕೆರೆಸಿದರು. ಏನೂ ಬರಲಿಲ್ಲ. ಅದಕ್ಕೂ ನೀವು "ಅವರ ಮನಸ್ಸ ಸರಿ ಇಲ್ಲ, ಕೈಗುಣ ಏನ್ ಮಾಡ್ತದ?" ಅಂದಿರಿ. ಆಸ್ಪತ್ರೆಯಲ್ಲಿ ಪೇಷಂಟುಗಳು ನಾನು ಸೂಜಿ ಚುಚ್ಚಿದರೆ ನೋಯುವುದೇ ಇಲ್ಲ ಅನ್ನುತ್ತಾರೆ. ನಾನು ಥ್ಯಾಂಕ್ಸ್ ಹೇಳುತ್ತೇನೆ. ಹೇಳುವಾಗಲೆಲ್ಲ ನಿಮ್ಮ ಅಡುಗೆಮನೆ ನೆನಪಾಗುತ್ತದೆ.

ಈಗ ಪಲ್ಲವಿಗೆ ಹತ್ತೊಂಬತ್ತು. ನೀವು ಫುಲ್‌ಶೀರ್‌ಗೆ ಮನೆ ಬದಲಾಯಿಸಿ ಆರು ವರ್ಷವಾಯಿತು. ಅವಳೂ ಅಲ್ಲಿಯ ಕಮ್ಯೂನಿಟಿ ಕಾಲೇಜಿನ ನರ್ಸಿಂಗಿಗೆ ಅರ್ಜಿ ಹಾಕಿದ್ದಾಳೆ, ನನ್ನ ಹಾಗೆ ಜಡೆ ಹಾಕದಿದ್ದರೂ ನನ್ನ ಹಾಗೆ ನರ್ಸ್ ಆಗುತ್ತಾಳಂತೆ. ಪಾಸ್‌ವರ್ಡ್ ನನಗೆ ಕಳಿಸಿದ್ದಾಳೆ. ಅಮ್ಮನದೇ ಮಗಳು. ಉತ್ತರ ಇಂದು ನಾಳೆ ಬರಬೇಕು, ಶನಿವಾರ ನೀವಿಬ್ಬರೂ ಐದು ಗಂಟೆ ಡ್ರೈವ್ ಮಾಡಿಕೊಂಡು ಬರುತ್ತಿದ್ದೀರಿ, ನಾನು ಅದನ್ನು ತೆರೆಯಲಿ ಅಂತ.

ನಾನು ಇನ್ನೂ ತೆರೆದಿಲ್ಲ. ಈ ಸಲ ಇದು ನಿಜ.

ಶನಿವಾರ ನೀವು ಒಳಗೆ ಬಂದು ಚಪ್ಪಲಿ ಬಿಟ್ಟ ತಕ್ಷಣ, ಕಾಫಿಗೂ ಮೊದಲು, ಈ ಕಾಗದ ನಿಮ್ಮ ಕೈಗೆ ಕೊಡುತ್ತೇನೆ. ಕೂತು ಪೂರ್ತಿ ಓದಿ. ಓದಿ ನೀವು ಎದ್ದು ಹೊರಟರೆ ತಡೆಯುವುದಿಲ್ಲ. ನನ್ನ ಕೈ ಬೇಡ ಅಂದರೆ ಪಲ್ಲವಿಯೇ ತೆರೆಯಲಿ, ಅವಳ ಕೈಗೇನಾಗಿದೆ? ಅಷ್ಟರ ಮೇಲೂ ನೀವು "ತಗೀರಿ" ಅಂದರೆ ತೆರೆಯುತ್ತೇನೆ. ಆದರೆ ಅದನ್ನು ಓದುವ ಹೊತ್ತು ಒಲೆಯ ಕಡೆ ಮುಖ ಮಾಡಿ ನಿಲ್ಲುವವಳು ನಾನು. ಲ್ಯಾಪ್‌ಟಾಪ್ ನಿಮ್ಮ ಕಡೆಗೆ ತಿರುಗಿರುತ್ತದೆ. ಬಂತೋ ಇಲ್ಲವೋ, ನೀವೇ ನನಗೆ ಹೇಳಿ.